ಗ್ರಾಸಾ ಗುಡ್ಡದ ನಾಟಾ

2023ರ ಮೇ ತಿಂಗಳಲ್ಲಿ ವಾಸ್ಕೋದಿಂದ ನಾವು ಇಪ್ಪತ್ತೆಂಟು ಮಂದಿ ಫಾತಿಮಾ ಯಾತ್ರೆಗೆ ಹೊರಟಾಗ ಒಬ್ಬೊಬ್ಬರು ಒಂದೊಂದು ಹರಕೆ ಹೊತ್ತಿದ್ದರು. ನನ್ನ ಬಳಿ ಎರಡಿದ್ದವು. ಒಂದು ನನ್ನದು, ಇನ್ನೊಂದು ನನ್ನ ತಂಗಿಯದು. ತಂಗಿಯದು ಹರಕೆ ಎನ್ನುವುದಕ್ಕಿಂತ ಅಪ್ಪಣೆ ಎನ್ನಬೇಕು.

"ಅಕ್ಕಾ, ಮಾತೆಗೆ ನನ್ನ ಹೆಸರಿಲೆ ಒಂದು ಮೇಣದಬತ್ತಿ ಹಚ್ಚು. ಆಮ್ಯಾಲೆ ಲಿಸ್ಬನ್ನಿನಾಗ ಹುಡುಗನ್ನ ನೋಡು. ಏನು ತಿಂತಾನ, ಎಲ್ಲಿ ಮಲಗತಾನ, ಪೂಜಿಗೆ ಹೋಗತಾನೋ ಇಲ್ಲೋ, ಖರೇ ಖರೇ ಬಂದು ಹೇಳು."

ಹುಡುಗ ಎಂದರೆ ಅವಳ ಒಬ್ಬನೇ ಮಗ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದವನು. ತಂಗಿ ತನ್ನ ನಾಲ್ಕು ಬಳೆ ಮಾರಿ ಅವನನ್ನು ಕಳಿಸಿ ಆಗಲೇ ನಾಲ್ಕು ವರ್ಷವಾಗಿತ್ತು. ದೊಡ್ಡ ಹೋಟೆಲಿನಲ್ಲಿ, ಬಂದವರನ್ನು ಬರಮಾಡಿಕೊಳ್ಳುವ ಕೌಂಟರಿನಲ್ಲಿ ಕೆಲಸ ಎಂದು ಮನೆಯವರೆಲ್ಲ ನಂಬಿದ್ದೆವು. ಟೈ ಕಟ್ಟಿದ ಅವನ ಫೋಟೋ ತಂಗಿಯ ಮನೆಯಲ್ಲಿ ಯೇಸುವಿನ ತಿರುಹೃದಯದ ಪಟದ ಪಕ್ಕದಲ್ಲೇ ತೂಗುತ್ತದೆ.

ಫಾತಿಮಾದ ಬಗ್ಗೆ ಈ ಪುಟಗಳಲ್ಲಿ ಬೇರೆಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ. ಮೇ 12ರ ರಾತ್ರಿ ಆ ಬಯಲಿನಲ್ಲಿ ಮೇಣದಬತ್ತಿಗಳ ನಡುವೆ ನಿಂತು ಜಪಸರ ಹೇಳಿದೆವು, ಮರುದಿನ ಪೂಜೆಯಲ್ಲಿ ಭಾಗವಹಿಸಿದೆವು, ತಂಗಿಯ ಬತ್ತಿಯನ್ನೂ ಹಚ್ಚಿದೆ. ಆಮೇಲೆ ಬಸ್ಸು ನಮ್ಮನ್ನು ಸುಮಾರು ನೂರಿಪ್ಪತ್ತೈದು ಕಿಲೋಮೀಟರ್ ದಕ್ಷಿಣಕ್ಕೆ, ಲಿಸ್ಬನ್ನಿಗೆ ತಂದಿಳಿಸಿತು. ನಾನು ಹೇಳಬೇಕಾಗಿರುವುದು ಅಲ್ಲಿ ತಿಂದ ಒಂದು ತಿಂಡಿಯ ವಿಷಯ.

ಅದರ ಹೆಸರು ಪಾಸ್ಟೆಲ್ ಡಿ ನಾಟಾ. ಸುಮ್ಮನೆ ನಾಟಾ ಎಂದರೂ ಸಾಕು. ಅಂಗೈಯಲ್ಲಿ ಹಿಡಿಸುವ ಪುಟ್ಟ ಬಟ್ಟಲಿನಂಥ ಪದರಪದರದ ಮೈದಾ ಕವಚ, ಅದರೊಳಗೆ ಮೊಟ್ಟೆಯ ಹಳದಿ, ಹಾಲು, ಸಕ್ಕರೆ ಪಾಕದ ಕಸ್ಟರ್ಡ್, ಮೇಲೆ ಅಲ್ಲಲ್ಲಿ ಸುಟ್ಟ ಕಪ್ಪು ಚುಕ್ಕೆಗಳು. ಮೊದಲ ಸಲ ನೋಡಿದವರು "ಅಯ್ಯೋ, ಸೀದು ಹೋಗಿದೆ" ಎನ್ನುತ್ತಾರೆ. ನಮ್ಮ ಗುಂಪಿನ ಅರ್ಧ ಮಂದಿ ಹಾಗೆಯೇ ಅಂದರು. ಆ ಚುಕ್ಕೆ ಇಲ್ಲದಿದ್ದರೆ ಅದು ನಾಟಾ ಅಲ್ಲವೆಂದು ಆಮೇಲೆ ತಿಳಿಯಿತು.

ಅದು ಹುಟ್ಟಿದ ಊರು ಲಿಸ್ಬನ್ನಿನ ಪಶ್ಚಿಮ ತುದಿಯ ಬೆಲೆಮ್. ಬೆಲೆಮ್ ಎಂದರೆ ಬೆತ್ಲೆಹೇಮ್. ಅಲ್ಲಿರುವುದು ಜೆರೋನಿಮೋಸ್ ಮಠ. ದೊರೆ ಮನುವೆಲ್ ಕಾಲದಲ್ಲಿ, 1500ರ ಆಸುಪಾಸಿನಲ್ಲಿ ಕಟ್ಟಲು ಶುರುವಾದದ್ದು. 1755ರ ಸಕಲ ಸಂತರ ಹಬ್ಬದ ದಿನ ಲಿಸ್ಬನ್ ನಗರವನ್ನೇ ಕೆಡವಿದ ಭೂಕಂಪದಲ್ಲೂ ಬಹುಪಾಲು ಉಳಿದುಕೊಂಡಿತು. ಒಳಗೆ ಕಂಬಗಳು ತಾಳೆಮರಗಳಂತೆ ಮೇಲೆದ್ದು ಚಾವಣಿಯಲ್ಲಿ ಗರಿ ಬಿಚ್ಚಿಕೊಂಡಿವೆ. ಬಾಗಿಲು ದಾಟಿದ ಕೂಡಲೇ ಒಂದು ಪಕ್ಕಕ್ಕೆ ಕವಿ ಕಮೋಯಿಸ್, ಇನ್ನೊಂದು ಪಕ್ಕಕ್ಕೆ ಕಲ್ಲಿನ ಪೆಟ್ಟಿಗೆಯ ಮೇಲೆ ಕೈಮುಗಿದು ಮಲಗಿದ ವಾಸ್ಕೋ ಡ ಗಾಮಾ.

ನಮ್ಮವರಲ್ಲಿ ಒಬ್ಬಾಕೆ "ಇವನೇ ಏನ್ರೀ ನಮ್ಮೂರಾಂವ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಹೌದಲ್ಲ, ನಮ್ಮ ರೇಷನ್ ಕಾರ್ಡಿನಿಂದ ಹಿಡಿದು ಮಕ್ಕಳ ಜ್ಞಾನಸ್ನಾನದ ಪತ್ರದವರೆಗೆ ಈತನ ಹೆಸರೇ ಊರು! ಬಂದರಿನ ಕೂಲಿಗೆಂದು ಧಾರವಾಡ, ಗದಗ, ವಿಜಾಪುರದ ಕಡೆಯಿಂದ ಬಂದ ನಮ್ಮ ಹಿರಿಯರು ಆ ಹೆಸರನ್ನು ಬರೆಯಲು ಕಲಿಯುವ ಮೊದಲೇ ಅಲ್ಲಿ ಮನೆ ಮಾಡಿದರು. ಆತ ಸತ್ತದ್ದು 1524ರ ಕ್ರಿಸ್ಮಸ್ ಹಿಂದಿನ ದಿನ, ಕೊಚ್ಚಿಯಲ್ಲಿ. ಮೊದಲು ಅಲ್ಲಿಯ ಸಂತ ಫ್ರಾನ್ಸಿಸ್ ದೇವಾಲಯದಲ್ಲಿ ಮಣ್ಣು ಮಾಡಿ, ಆಮೇಲೆ ಎಲುಬುಗಳನ್ನು ಪೋರ್ಚುಗಲ್ಲಿಗೆ ಒಯ್ದರು. 1502ರಲ್ಲಿ ಮೆಕ್ಕಾದಿಂದ ಹಿಂದಿರುಗುತ್ತಿದ್ದ ಯಾತ್ರಿಕರ ಹಡಗನ್ನು ಜನರ ಸಮೇತ ಸುಡಿಸಿದವನೂ ಈತನೇ. ಯಾತ್ರೆಗೆ ಹೋದ ನನಗೆ ಅದನ್ನು ಮರೆತು ಅಲ್ಲಿ ನಿಲ್ಲಲಾಗಲಿಲ್ಲ. ಬೇಗ ಹೊರಗೆ ಬಂದೆ.

ಆ ಮಠದಲ್ಲಿದ್ದವರು ಸಂತ ಜೆರೋಮರ ಸಭೆಯ ಸನ್ಯಾಸಿಗಳು. ದೊರೆಯ ಆತ್ಮಕ್ಕಾಗಿ ಪ್ರಾರ್ಥಿಸುವುದು, ಹಡಗು ಹತ್ತುವವರಿಗೆ ಧೈರ್ಯ ಹೇಳುವುದು ಅವರ ಕೆಲಸವಾಗಿತ್ತು. ಆ ಕಾಲದಲ್ಲಿ ಮೊಟ್ಟೆಯ ಬಿಳಿಯನ್ನು ನಿಲುವಂಗಿಗೆ ಗಂಜಿಯ ಹಾಗೆ ಹಾಕುತ್ತಿದ್ದರು, ದ್ರಾಕ್ಷಾರಸವನ್ನು ತಿಳಿಯಾಗಿಸಲೂ ಬಳಸುತ್ತಿದ್ದರು. ಉಳಿದ ಹಳದಿಯನ್ನು ಚೆಲ್ಲುವುದುಂಟೇ? ಮದೇರಾ, ಬ್ರೆಜಿಲ್‌ಗಳಿಂದ ಸಕ್ಕರೆ ಬಂದಿಳಿಯುತ್ತಿತ್ತು. ಹಾಗಾಗಿ ಪೋರ್ಚುಗಲ್ಲಿನ ಮಠಗಳಲ್ಲಿ, ಕನ್ಯಾಮಠಗಳಲ್ಲಿ ಹಳದಿಯ ಸಿಹಿತಿಂಡಿಗಳು ಲೆಕ್ಕವಿಲ್ಲದಷ್ಟು ಹುಟ್ಟಿದವು ಎಂದು ಅಲ್ಲಿಯವರು ಹೇಳುತ್ತಾರೆ. ನಮ್ಮ ಗೋವೆಯ ಬೆಬಿಂಕಾಕ್ಕೂ ಹಳೇ ಗೋವೆಯ ಸಂತ ಮೋನಿಕಾ ಕನ್ಯಾಮಠದ ಹೆಸರು ಹೇಳುವುದನ್ನು ನೀವು ಕೇಳಿರುತ್ತೀರಿ.

1834ರ ಮೇ ತಿಂಗಳಲ್ಲಿ ಪೋರ್ಚುಗಲ್ ಸರಕಾರ ಕಾನೂನು ತಂದು ಗಂಡಸರ ಮಠಗಳನ್ನೆಲ್ಲ ಒಮ್ಮೆಗೇ ಮುಚ್ಚಿತು. ಆಸ್ತಿ ಸರಕಾರದ ಪಾಲಾಯಿತು, ಸನ್ಯಾಸಿಗಳು ಬೀದಿಗೆ ಬಂದರು. ಹೊಟ್ಟೆಪಾಡಿಗೆಂದು ಮಠದವರು ಪಕ್ಕದ ಸಕ್ಕರೆ ಕಾರ್ಖಾನೆಗೆ ಸೇರಿದ ಅಂಗಡಿಯಲ್ಲಿ ಈ ತಿಂಡಿಯನ್ನು ಮಾರತೊಡಗಿದರಂತೆ. 1837ರಲ್ಲಿ ಅಲ್ಲಿಯೇ ಅದಕ್ಕೆಂದೇ ಬೇಕರಿ ಶುರುವಾಯಿತು. ಇಂದಿಗೂ ಅದೇ ಜಾಗದಲ್ಲಿ ನಡೆಯುತ್ತಿದೆ. ಅವರು ಮಾಡಿದ್ದಕ್ಕೆ ಮಾತ್ರ ಬೆಲೆಮ್ ಎಂಬ ಹೆಸರು, ಬೇರೆಯವರು ಮಾಡಿದ್ದೆಲ್ಲ ಬರೀ ನಾಟಾ. ಪಾಕಸೂತ್ರ ಕೆಲವರಿಗಷ್ಟೇ ಗೊತ್ತು, ಮುಚ್ಚಿದ ಕೋಣೆಯಲ್ಲಿ ತಯಾರಿ.

ನಾವೂ ಸಾಲಿನಲ್ಲಿ ನಿಂತೆವು. ನೀಲಿ ಬಿಳಿ ಹೆಂಚಿನ ಗೋಡೆ, ಬೆಳ್ಳಿ ಬಣ್ಣದ ತಟ್ಟೆ, ಪಕ್ಕಕ್ಕೆ ದಾಲ್ಚಿನ್ನಿ ಪುಡಿ. ನಾನು ಮೂವತ್ತೊಂದು ವರ್ಷ ಮಕ್ಕಳ ಪೇಪರ್ ತಿದ್ದಿದವಳು. ಅಂಕ ಕೊಡದೆ ಏನನ್ನೂ ತಿನ್ನಲು ಬರುವುದಿಲ್ಲ ಎಂದು ಮನೆಯಲ್ಲಿ ಹಾಸ್ಯ ಮಾಡುತ್ತಾರೆ. ಕಚ್ಚಿದಾಗ ಕವಚ ಹಪ್ಪಳದಂತೆ ಸದ್ದು ಮಾಡಿತು. ಅದರಲ್ಲಿ ಒಂದು ಹನಿ ಉಪ್ಪಿನ ರುಚಿ. ಒಳಗಿನ ಕಸ್ಟರ್ಡ್ ನಮ್ಮ ಗಿಣ್ಣಿನ ಹಾಗೆ ಗಟ್ಟಿಯಾಗಿ ನಿಲ್ಲದೆ, ಬಾಸುಂದಿಯ ಹಾಗೆ ಹರಿಯದೆ, ಎರಡರ ನಡುವೆ ನಡುಗುತ್ತಿತ್ತು. ಸಿಹಿ ಹದ. ಹತ್ತಕ್ಕೆ ಒಂಬತ್ತೂವರೆ. ಅರ್ಧ ಅಂಕ ಕಳೆದದ್ದು ತಿಂಡಿಗಲ್ಲ, ಸಾಲಿಗೆ. ಬಿಸಿಲಲ್ಲಿ ಮುಕ್ಕಾಲು ಗಂಟೆ!

ಆ ಸಂಜೆ ಹುಡುಗ ನಾವು ಇಳಿದುಕೊಂಡಿದ್ದ ಮಾರ್ಟಿಮ್ ಮೋನಿಜ್ ಹತ್ತಿರದ ವಸತಿಗೃಹಕ್ಕೆ ಬಂದ. ಮೈಕೈ ತುಂಬಿಕೊಂಡಿದ್ದ. "ದೊಡ್ಡವ್ವಾ" ಎಂದು ಕಾಲಿಗೆ ಬಿದ್ದು ಎದ್ದಾಗ ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಅಡ್ಡಡ್ಡ ಸುಟ್ಟ ಗೆರೆಗಳು. ಕೆಲವು ಹಳೆಯವು, ಒಂದು ಇನ್ನೂ ಕೆಂಪಗಿತ್ತು.

"ಹೋಟೆಲ್ ಕೌಂಟರಿನಾಗ ಕೈ ಸುಡತೈತೇನೋ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಬಂದ ವರ್ಷ ಹೋಟೆಲಿನ ಕೆಲಸ ನಿಜವೇ ಆಗಿತ್ತು. 2020ರಲ್ಲಿ ಕೊರೊನಾ ಬಂದು ಹೋಟೆಲುಗಳೆಲ್ಲ ಬಾಗಿಲು ಹಾಕಿದವು. ಆರು ತಿಂಗಳು ಕೈಯಲ್ಲಿ ಕಾಸಿಲ್ಲ. ಆಗ ಗ್ರಾಸಾ ಎಂಬ ಗುಡ್ಡದ ಮೇಲಿನ ಸಣ್ಣ ಬೇಕರಿಯೊಂದರಲ್ಲಿ ತಟ್ಟೆ ತೊಳೆಯಲು ಸೇರಿಕೊಂಡ. ತಟ್ಟೆಯಿಂದ ಹಿಟ್ಟಿಗೆ ಬಂದ. ಕಾದ ತಟ್ಟೆಗಳನ್ನು ಒಲೆಯಿಂದ ಎಳೆಯುವಾಗ ಅಂಚು ತಾಗಿ ಆದ ಗೆರೆಗಳು ಅವು.

"ಅವ್ವಗ ಹೇಳಬ್ಯಾಡ. ಬಳಿ ಮಾರಿ ಕಳಿಸಿದ್ದು ಹಿಟ್ಟು ನಾದಾಕ ಅಲ್ಲ ಅಂತಾಳ."

"ಹೇಳು ಅಂತ ಆಕಿ ಆಣಿ ಹಾಕಿ ಕಳಿಸ್ಯಾಳ" ಎಂದೆ.

"ಹಂಗಾದ್ರ ನಾಳೆ ಬಂದು ತಿಂದು ನೋಡು. ಖರೇ ಹೇಳಬೇಕ ನೋಡು ಮತ್ತ. ನೋಡಿ ಆದ ಮ್ಯಾಲೆ ಏನು ಹೇಳತಿ ಹೇಳು."

ಬೆಳಗ್ಗೆ ಗುಂಪಿನವರು ಸಂತ ಅಂತೋಣಿಯವರು ಹುಟ್ಟಿದ ಸ್ಥಳದ ದೇವಾಲಯಕ್ಕೆ ಹೊರಡುವವರಿದ್ದರು. ಅವರನ್ನು ನಾವು ಪದುವಾದವರು ಎನ್ನುತ್ತೇವೆ, ಲಿಸ್ಬನ್ನಿನವರಿಗೆ ಆ ಮಾತು ಅಷ್ಟು ಹಿಡಿಸುವುದಿಲ್ಲ. ಮಧ್ಯಾಹ್ನ ಸೇರಿಕೊಳ್ಳುತ್ತೇನೆಂದು ಗುರುಗಳಿಗೆ ಹೇಳಿ ನಾನು ಇಪ್ಪತ್ತೆಂಟನೇ ನಂಬರಿನ ಟ್ರಾಮ್ ಹತ್ತಿದೆ. ಹಳದಿ ಬಣ್ಣದ ಮರದ ಡಬ್ಬಿಯಂಥ ಗಾಡಿ. ಕಿಟಕಿಯಿಂದ ಕೈ ಚಾಚಿದರೆ ಜನರ ಒಣಹಾಕಿದ ಬಟ್ಟೆ ಸಿಗುವಷ್ಟು ಕಿರಿದಾದ ಬೀದಿಗಳು.

ಬೇಕರಿ ನಮ್ಮ ಕಿರಾಣಿ ಅಂಗಡಿಗಿಂತ ದೊಡ್ಡದಲ್ಲ. ನಿಂತೇ ಕಾಫಿ ಕುಡಿಯುವ ಕಟ್ಟೆ, ಹಿಂದೆ ಅಡುಗೆಮನೆ. ಯಜಮಾನರು ಎಪ್ಪತ್ತು ದಾಟಿದವರು. ಹುಡುಗ ಅವರನ್ನು ಮೆಸ್ತ್ರೆ ಎಂದು ಕರೆದ. ನಾನು ಬೆರಗಾದೆ, ನಮ್ಮ ಮೇಸ್ತ್ರಿಯೇ! ಪಾದ್ರಿ, ಚಾವಿ, ಬಟಾಟೆಗಳ ಜತೆ ನಮಗೆ ಬಂದ ಮಾತು ಅಲ್ಲಿ ಇನ್ನೂ ಕೆಲಸದಲ್ಲಿದೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಒಂದು ಸ್ಟೂಲು ಎಳೆದು ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ಕೂರಿಸಿದರು.

ಹುಡುಗ ಮೈದಾ ಹಿಟ್ಟನ್ನು ಲಟ್ಟಿಸಿ, ಮಾರ್ಗರೀನ್ ಸವರಿ, ಮಡಚಿ, ಮತ್ತೆ ಲಟ್ಟಿಸಿ, ಕೊನೆಗೆ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿದ. ತಣ್ಣಗಿಟ್ಟಿದ್ದ ಇನ್ನೊಂದು ಸುರುಳಿಯನ್ನು ತೆಗೆದು ಬೆರಳಗಲ ತುಂಡು ಮಾಡಿದ. ಒಂದೊಂದು ತುಂಡನ್ನೂ, ಕೊಯ್ದ ಮುಖ ಮೇಲೆ ಬರುವಂತೆ, ತಗಡಿನ ಪುಟ್ಟ ಅಚ್ಚಿನಲ್ಲಿಟ್ಟು, ಹೆಬ್ಬೆರಳನ್ನು ನೀರಿಗದ್ದಿ ನಡುವಿನಿಂದ ಅಂಚಿಗೆ ಒತ್ತುತ್ತ ಬಟ್ಟಲು ಮಾಡಿದ. ತಳ ತೆಳ್ಳಗೆ, ಅಂಚು ತುಸು ದಪ್ಪ. ಒಂದು ಬಟ್ಟಲಿಗೆ ನಾಲ್ಕೈದು ಒತ್ತು, ಅಷ್ಟೇ.

ಇದನ್ನು ನಾನು ಎಲ್ಲಿ ನೋಡಿದ್ದೇನೆ? ನಮ್ಮ ಚಿರೋಟಿ! ತುಪ್ಪ, ಅಕ್ಕಿಹಿಟ್ಟಿನ ಸಾಟಿ ಸವರಿ, ಹಾಳೆಗಳನ್ನು ಸುರುಳಿ ಸುತ್ತಿ, ಕೊಯ್ದು, ಕೊಯ್ದ ಮುಖದ ಮೇಲೆ ಲಟ್ಟಿಸುವುದು. ಅಲ್ಲಿ ಎಣ್ಣೆಗೆ ಬಿಡುತ್ತೇವೆ, ಇಲ್ಲಿ ಒಲೆಗಿಡುತ್ತಾರೆ. ಪ್ರತಿ ಕ್ರಿಸ್ಮಸ್‌ಗೆ ತಂಗಿ ಚಿರೋಟಿಗೆ ಕೂತರೆ ಈ ಹುಡುಗನೇ ಸುರುಳಿ ಸುತ್ತಿಕೊಡುತ್ತಿದ್ದ. ಮೊದಲ ದಿನವೇ ಸುತ್ತುವುದು ಹೇಗೆ ಬಂತು ಎಂದು ಮೇಸ್ತ್ರಿ ಕೇಳಿದ್ದರಂತೆ.

ಮುನ್ನೂರು ಡಿಗ್ರಿ ದಾಟಿದ ಒಲೆ. ನಮ್ಮ ಮನೆಯ ಓವನ್‌ಗಳು ಅಷ್ಟು ಕಾಯುವುದಿಲ್ಲ, ಆದ್ದರಿಂದಲೇ ಮನೆಯಲ್ಲಿ ಮಾಡಿದರೆ ಕಪ್ಪು ಚುಕ್ಕೆ ಬೀಳುವುದು ಕಷ್ಟ, ಕಾಯುತ್ತ ಕೂತರೆ ಕಸ್ಟರ್ಡ್ ಒಡೆಯುತ್ತದೆ. ಹತ್ತು ನಿಮಿಷಕ್ಕೆ ತಟ್ಟೆ ಹೊರಗೆ ಬಂತು. ಉಬ್ಬಿದ ಕಸ್ಟರ್ಡ್ ನೋಡನೋಡುತ್ತ ಇಳಿದು ಸಮವಾಯಿತು. ಸ್ವಲ್ಪ ಆರಿದ ಮೇಲೆ ಒಂದನ್ನು ನನ್ನ ಮುಂದಿಟ್ಟ. ಮೇಸ್ತ್ರಿ ಕೈಕಟ್ಟಿ ನಿಂತರು.

ಮೊದಲು ತಿರುಗಿಸಿ ತಳ ನೋಡಿದೆ. ಬಿಳಚಿಕೊಂಡ ತಳವೆಂದರೆ ಹಸಿ ಹಿಟ್ಟು. ಇದು ಬೆಲ್ಲದ ಬಣ್ಣಕ್ಕಿತ್ತು, ಸುರುಳಿಯ ಗೆರೆಗಳು ಎಣಿಸುವಷ್ಟು ಸ್ಪಷ್ಟ. ಕಚ್ಚಿದೆ. ಸದ್ದು ಬೆಲೆಮ್ಮಿನದಕ್ಕೆ ಸಮ, ಸ್ವಲ್ಪ ಹೆಚ್ಚೇ ಇರಬಹುದು. ಆದರೆ ಕಸ್ಟರ್ಡ್? ಸಿಹಿ ಒಂದು ಮೆಟ್ಟಿಲು ಮುಂದೆ ಹೋಗಿತ್ತು. ಅದು ದೊಡ್ಡ ಮಾತಲ್ಲ. ನಾಲಗೆಯ ಮೇಲೆ ಕೊನೆಗೆ ಉಳಿದದ್ದು ಹಸಿ ಮೈದಾದ ರುಚಿ. ಗಂಜಿ ಸರಿಯಾಗಿ ಕುದಿಯದಿದ್ದರೆ ಬರುವ ರುಚಿ, ಹೆಂಗಸರಿಗೆಲ್ಲ ಗೊತ್ತಿರುವುದು.

ನನ್ನ ಮನಸ್ಸು ಹೊಯ್ದಾಡಿತು. ಚೆನ್ನಾಗಿದೆ ಎಂದುಬಿಟ್ಟರೆ ಮುಗಿಯಿತು. ನಾಲ್ಕು ವರ್ಷ ಒಬ್ಬನೇ ಇದ್ದ ಮಗುವಿನ ಮುಂದೆ ಕೂತು ತಪ್ಪು ಹುಡುಕುವುದೇ? ಆದರೆ ಖರೇ ಹೇಳಬೇಕೆಂದು ಕೇಳಿದವನು ಅವನು. ತರಗತಿಯಲ್ಲಿ ನಾನು ಯಾರಿಗೂ ಕನಿಕರದ ಅಂಕ ಹಾಕಿದವಳಲ್ಲ.

"ಕವಚಕ್ಕ ಒಂಬತ್ತು. ಒಳಗಿಂದಕ್ಕ ಐದು. ಹಿಟ್ಟು ಕುದ್ದಿಲ್ಲ" ಎಂದೆ. ಕಸ್ಟರ್ಡ್ ಮೇಸ್ತ್ರಿಯದಿರಬಹುದು, ಅವರಿಗೆ ಹೇಗೂ ಕನ್ನಡ ಬಾರದು ಎಂಬ ಧೈರ್ಯ ಬೇರೆ.

ಹುಡುಗನ ಮುಖ ಸಣ್ಣದಾಯಿತು. ಅದನ್ನೇ ಮೇಸ್ತ್ರಿಗೆ ಪೋರ್ಚುಗೀಸಿನಲ್ಲಿ ಹೇಳಿದ. ಮುದುಕರು ನನ್ನ ಕಡೆ ನೋಡಿ ಜೋರಾಗಿ ನಕ್ಕು ಮೇಜು ತಟ್ಟಿದರು. ವಿಷಯ ಆಮೇಲೆ ಬಿಚ್ಚಿಕೊಂಡಿತು. ಮೂರು ವರ್ಷದಿಂದ ಹುಡುಗನದು ಹಿಟ್ಟು, ಮೇಸ್ತ್ರಿಯದು ಕಸ್ಟರ್ಡ್. ಈಚೆಗೆ ಅವರ ಕೈ ನಡುಗುತ್ತದೆ, ಕುದಿಯುವ ಪಾಕ ಎತ್ತಿ ಸುರಿಯಲಾಗುವುದಿಲ್ಲ. ಆ ವಾರವಷ್ಟೇ ಕಸ್ಟರ್ಡಿನ ಪಾತ್ರೆಯನ್ನು ಹುಡುಗನ ಕೈಗೆ ಕೊಟ್ಟಿದ್ದರು. ನಾನು ಐದು ಅಂಕ ಕೊಟ್ಟದ್ದು ಅವನದಕ್ಕೇ. ಮುಂಜಾನೆ ಅವರೂ ತಿಂದು ಏನೂ ಅನ್ನದೆ, ನಿನ್ನ ದೊಡ್ಡಮ್ಮ ಬರಲಿ ಎಂದು ಸುಮ್ಮನಿದ್ದರಂತೆ.

"ಒಂದು ತಾಸು ಬಿಟ್ಟು ಬಾ ದೊಡ್ಡವ್ವಾ" ಎಂದ ಹುಡುಗ, ನನ್ನ ಮುಖ ನೋಡದೆ.

ಹೊರಗೆ ಬಂದು ಗ್ರಾಸಾ ದೇವಾಲಯದ ಮುಂದಿನ ಕಟ್ಟೆಯ ಮೇಲೆ ಕೂತೆ. ಕೆಳಗೆ ಕೋಟೆ, ಕೆಂಪು ಹೆಂಚಿನ ಮನೆಗಳು, ತೇಜೋ ನದಿ, ದೊಡ್ಡ ಸೇತುವೆ, ಆಚೆ ದಡದಲ್ಲಿ ಕೈಚಾಚಿದ ಕ್ರಿಸ್ತರಾಜ. ಹಳೇ ಗೋವೆಗೆ ಹೋದವರೆಲ್ಲ ಸಂತ ಅಗಸ್ಟೀನರ ಮುರಿದ ಗೋಪುರವನ್ನು ನೋಡಿರುತ್ತೀರಿ. ಆ ದೇವಾಲಯದ ನಿಜವಾದ ಹೆಸರು ಗ್ರಾಸಾ ಮಾತೆ, ಅಂದರೆ ಕೃಪಾ ಮಾತೆ. 1572ರಲ್ಲಿ ಗೋವೆಗೆ ಬಂದ ಅಗಸ್ಟೀನರ ಸಭೆಯವರಿಗೆ ಲಿಸ್ಬನ್ನಿನಲ್ಲಿ ತಾಯಿಮನೆ ನಾನು ಕೂತಿದ್ದ ಈ ಮಠವೇ. ಬೆಲೆಮ್ಮಿನ ಸನ್ಯಾಸಿಗಳನ್ನು ಬೀದಿಗೆ ತಂದ ಅದೇ ಕಾನೂನು ಇದನ್ನೂ ಖಾಲಿ ಮಾಡಿ ಸೈನಿಕರ ಪಾಳೆಯ ಮಾಡಿತು. ಮರುವರ್ಷ, 1835ರಲ್ಲಿ, ಗೋವೆಗೂ ತಲುಪಿತು. ಅಲ್ಲಿ ದೇವಾಲಯ ಪಾಳುಬಿದ್ದು 1842ರಲ್ಲಿ ಚಾವಣಿ ಕುಸಿಯಿತು. ಅದರ ಗಂಟೆ ಮಾತ್ರ ಉಳಿದು ಈಗ ಪಣಜಿಯ ನಿಷ್ಕಳಂಕ ಮಾತೆಯ ದೇವಾಲಯದಲ್ಲಿ ಬಾರಿಸುತ್ತದೆ. ಒಂದು ಕಡೆ ತಿಂಡಿ ಉಳಿಯಿತು, ಒಂದು ಕಡೆ ಗಂಟೆ. ಜಪಸರ ಹೇಳುತ್ತ ಹೇಳುತ್ತ ನನ್ನ ಯೋಚನೆ ಕುದಿಯದ ಮೈದಾದ ಕಡೆಗೇ ಹೋಗುತ್ತಿತ್ತು. ಮಾತೆ ಕ್ಷಮಿಸಲಿ.

ಹಿಂದಿರುಗಿದಾಗ ಹುಡುಗ ಹೊಸದಾಗಿ ಹಾಲು ಮೈದಾ ಕಲಸಿ ತಳ ಬಿಡುವವರೆಗೆ ಕುದಿಸಿದ್ದ. ಲಿಂಬೆ ಸಿಪ್ಪೆ, ದಾಲ್ಚಿನ್ನಿ ಚಕ್ಕೆ ಹಾಕಿ ಕಾಯಿಸಿದ ಪಾಕವನ್ನು ದಾರದಂತೆ ಸುರಿದು, ಉಗುರುಬೆಚ್ಚಗಾದ ಮೇಲಷ್ಟೇ ಹಳದಿ ಸೇರಿಸಿದ್ದ. ಬಿಸಿಗೆ ಸೇರಿಸಿದರೆ ಮೊಟ್ಟೆ ಗಂಟುಕಟ್ಟುತ್ತದೆ. ಈ ಸಲ ಮೇಸ್ತ್ರಿಯೂ ನನ್ನ ಪಕ್ಕ ಕೂತು ತಿಂದರು. ಮೈದಾದ ಸುಳಿವಿಲ್ಲ. ಲಿಂಬೆ ಮೊದಲು ಬಂತು, ದಾಲ್ಚಿನ್ನಿ ಆಮೇಲೆ. ಸಿಹಿ ಮಾತ್ರ ಹಾಗೆಯೇ ಇತ್ತು, ಅದು ಆ ಬೀದಿಯವರ ರುಚಿಯಂತೆ, ಬದಲಾಯಿಸುವಂತಿಲ್ಲ. ನಾನು ಎಂಟು ಬೆರಳು ತೋರಿಸಿದೆ. ಮುದುಕರು ನನ್ನ ಇನ್ನೊಂದು ಬೆರಳನ್ನು ತಾವೇ ಹಿಡಿದು ಎತ್ತಿದರು.

ದುಡ್ಡು ತೆಗೆದುಕೊಳ್ಳಲಿಲ್ಲ. ಆರು ನಾಟಾ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ದಾರ ಕಟ್ಟಿಕೊಟ್ಟರು. ಟ್ರಾಮಿನವರೆಗೆ ಬಂದ ಹುಡುಗನನ್ನು ಪೂಜೆಯ ವಿಷಯ ಕೇಳಿದೆ. "ರವಿವಾರ ಸಂಜಿಗೆ ಹೋಗತೇನಿ. ಎಲ್ಲಾ ವಾರ ಆಗೂದಿಲ್ಲ" ಎಂದ. ಹೋಗುತ್ತೇನೆ ಎಂದಷ್ಟೇ ಹೇಳಿದ್ದರೆ ನಾನು ಅಷ್ಟು ನಂಬುತ್ತಿರಲಿಲ್ಲ. ಅವ್ವನಿಗೆ ಏನು ಹೇಳುತ್ತೀ ಎಂದು ಅವನು ಮತ್ತೆ ಕೇಳಲಿಲ್ಲ.

ವಾಸ್ಕೋ ತಲುಪಿದ ದಿನವೇ ತಂಗಿ ಬಂದಳು. ಮಾತೆಯ ಪಟ, ಜಪಸರ, ಫಾತಿಮಾದ ನೀರು ಕೊಟ್ಟೆ. ಎಲ್ಲ ಬದಿಗಿಟ್ಟು, "ಹುಡುಗ ಹ್ಯಾಂಗದಾನ?" ಎಂದಳು. ನಾನು ರಟ್ಟಿನ ಪೆಟ್ಟಿಗೆ ಬಿಚ್ಚಿದೆ. ಎರಡು ದಿನದ ದಾರಿಯಲ್ಲಿ ನಾಟಾ ಮೆತ್ತಗಾಗಿದ್ದವು, ಒಂದರ ಅಂಚು ಮುರಿದಿತ್ತು. ಅಂಥ ಸ್ಥಿತಿಯಲ್ಲಿ ಯಾವ ನಾಟಾಕ್ಕೂ ಅಂಕ ಕೊಡಬಾರದು. ಹಂಚಿನ ಮೇಲೆ ಸ್ವಲ್ಪ ಬೆಚ್ಚಗೆ ಮಾಡಿ ತಟ್ಟೆಯಲ್ಲಿ ಹಾಕಿದೆ.

"ಇದನ್ನ ಅವನ ಮಾಡ್ಯಾನ" ಎಂದೆ. ಆಮೇಲೆ ಹೋಟೆಲು, ಕೊರೊನಾ, ತಟ್ಟೆ ತೊಳೆದದ್ದು, ಕೈಯ ಗೆರೆ, ಎಲ್ಲ ಹೇಳಿದೆ. ಅವಳು ನಡುವೆ ಒಂದು ಮಾತೂ ಆಡಲಿಲ್ಲ. ಒಂದನ್ನು ನಿಧಾನವಾಗಿ ತಿಂದಳು. ಎರಡನೆಯದನ್ನು ಎತ್ತಿ ತಿರುಗಿಸಿ ತಳದ ಸುರುಳಿಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು.

"ತುಪ್ಪ ಅಲ್ಲ ಇದು" ಎಂದಳು.

"ಅಲ್ಲ, ಮಾರ್ಗರೀನ್."

ಮತ್ತೆ ತಿರುಗಿಸಿ ನೋಡಿದಳು.

"ಎಷ್ಟಕ್ಕ ಏಳತಾನ?"

"ಎರಡೂವರಿಗೆ" ಎಂದೆ.